ಪೇತ್ರ ಎರಡನೇ ಸಲ ಹೆದರಿದ್ದು

ಯೇಸುವಿನ ಶಿಷ್ಯ ಪೇತ್ರನ ಕಥೆಯನ್ನು ಚರ್ಚುಗಳಲ್ಲಿ ಸಾಮಾನ್ಯವಾಗಿ ಎರಡು ತುಂಡು ಮಾಡಿ ಹೇಳುತ್ತಾರೆ. ಮೊದಲ ತುಂಡಿನಲ್ಲಿ ಅವನು ಗಲಿಲಾಯದ ಮೀನುಗಾರ. ದುಡುಕು ಸ್ವಭಾವ, ಬಾಯಿ ಜಾಸ್ತಿ. ಎಲ್ಲರಿಗಿಂತ ಮುಂಚೆ ಮಾತಾಡುತ್ತಾನೆ, ಎಲ್ಲರಿಗಿಂತ ಜೋರಾಗಿ ಬೀಳುತ್ತಾನೆ. ಕೋಳಿ ಕೂಗುವ ಹೊತ್ತಿಗೆ ಮೂರು ಸಲ ತನ್ನ ಗುರುವನ್ನೇ ಗೊತ್ತಿಲ್ಲ ಎಂದುಬಿಡುತ್ತಾನೆ. ಆಮೇಲೆ ಪಂಚಾಶತ್ತಮ ದಿನ ಬರುತ್ತದೆ, ಪವಿತ್ರಾತ್ಮ ಇಳಿಯುತ್ತದೆ, ಎರಡನೇ ತುಂಡು ಶುರುವಾಗುತ್ತದೆ. ಅಲ್ಲಿಂದ ಮುಂದೆ ಅವನು ಸಿಂಹ. ಒಂದೇ ಪ್ರಸಂಗಕ್ಕೆ ಮೂರು ಸಾವಿರ ಜನ. ಸೆರೆಮನೆ, ಛಡಿ ಏಟು, ಕೊನೆಗೆ ರೋಮಿನಲ್ಲಿ ಶಿಲುಬೆ.

ಕೇಳೋಕೆ ಚೆನ್ನಾಗಿದೆ. ಪ್ರಸಂಗ ಮಾಡುವವರಿಗೂ ಅನುಕೂಲ. ತೊಂದರೆ ಏನೆಂದರೆ, ಪೌಲ ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ನಾಲ್ಕು ವಚನಗಳಿವೆ. ಆ ನಾಲ್ಕು ವಚನ ಈ ಕಥೆಯೊಳಗೆ ಹೇಗೂ ಕೂರುವುದಿಲ್ಲ. ಅದಕ್ಕೇ ಏನೋ, ಅವುಗಳ ಮೇಲೆ ಪ್ರಸಂಗ ಕೇಳಿದ ನೆನಪು ನನಗೆ ಕಡಿಮೆ. ಆದರೆ ಪೇತ್ರ ನನಗೆ ನಿಜವಾಗಿ ಪರಿಚಯವಾದದ್ದು ಅಲ್ಲಿಯೇ. ಅಲ್ಲಿಗೆ ಬರುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಲಿಲಾಯ ಸಮುದ್ರ ಎನ್ನುತ್ತೇವೆ. ಅದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ 13. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗಿದೆ, ಸುತ್ತ ಗುಡ್ಡ. 1986ರಲ್ಲಿ ಮಳೆ ಕೈಕೊಟ್ಟು ನೀರು ತಗ್ಗಿದಾಗ ಗಿನೋಸರ್ ಹತ್ತಿರ ದಡದ ಕೆಸರಿನಲ್ಲಿ ಒಂದು ಹಳೆಯ ದೋಣಿ ಕಾಣಿಸಿತು. ಮೊದಲು ಕಂಡವರು ಇಬ್ಬರು ಅಣ್ಣತಮ್ಮಂದಿರು, ಅವರೂ ಮೀನು ಹಿಡಿಯುವವರೇ. ದೋಣಿ ಯೇಸುವಿನ ಕಾಲದ ಆಸುಪಾಸಿನದು. 8 ಮೀಟರಿಗಿಂತ ಸ್ವಲ್ಪ ಉದ್ದ, 2.3 ಮೀಟರ್ ಅಗಲ. ಹತ್ತಕ್ಕೂ ಹೆಚ್ಚು ಬಗೆಯ ಮರ ಅದರಲ್ಲಿದೆ. ಬೇರೆ ದೋಣಿಯಿಂದ ಕಿತ್ತ ಹಲಗೆಗಳು, ತೇಪೆಯ ಮೇಲೆ ತೇಪೆ. ಇನ್ನು ಸಾಗದು ಅನ್ನಿಸಿದಾಗ ಉಪಯೋಗಕ್ಕೆ ಬರುವ ಭಾಗಗಳನ್ನು ಬಿಚ್ಚಿಕೊಂಡು ಉಳಿದದ್ದನ್ನು ನೀರಿಗೆ ಬಿಟ್ಟಿದ್ದಾರೆ. ಅದು ಪೇತ್ರನ ದೋಣಿ ಎಂದು ಯಾರೂ ಹೇಳಲಾರರು. ಆದರೆ ಅವನು ಎಂಥ ದೋಣಿಯಲ್ಲಿ ರಾತ್ರಿ ಕಳೆಯುತ್ತಿದ್ದ ಅನ್ನುವುದು ಅದನ್ನು ನೋಡಿದರೆ ಗೊತ್ತಾಗುತ್ತದೆ.

ಪೇತ್ರನ ಹುಟ್ಟುಹೆಸರು ಸೀಮೋನ, ಯೋನನ ಮಗ. ಊರು ಬೇತ್ಸಾಯಿದ, ಆಮೇಲೆ ಮನೆ ಕಪೆರ್ನೌಮಿನಲ್ಲಿ. ತಮ್ಮ ಅಂದ್ರೆಯ. ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನ ಮೀನಿನ ವ್ಯಾಪಾರದಲ್ಲಿ ಪಾಲುದಾರರು. ಮದುವೆಯಾಗಿತ್ತು. ಅತ್ತೆ ಜ್ವರದಲ್ಲಿ ಮಲಗಿದ್ದಾಗ ಯೇಸು ಕೈ ಹಿಡಿದು ಎಬ್ಬಿಸಿದ, ಆಕೆ ಎದ್ದವಳೇ ಬಂದವರ ಉಪಚಾರಕ್ಕೆ ನಿಂತಳು ಎಂದು ಮಾರ್ಕ ಬರೆದಿದ್ದಾನೆ. ಮುಂದೆ ಊರೂರು ಸುತ್ತುವಾಗ ಹೆಂಡತಿಯೂ ಜೊತೆಗಿದ್ದಳು ಅನ್ನುವುದು ಪೌಲ ಕೊರಿಂಥದವರಿಗೆ ಬರೆದ ಪತ್ರದಿಂದ ಗೊತ್ತಾಗುತ್ತದೆ. ಅಂದರೆ ಸಂಸಾರ, ಕಸುಬು, ಮನೆ ಎಲ್ಲ ಇದ್ದ ಮನುಷ್ಯ. ಕಳೆದುಕೊಳ್ಳಲು ಏನೂ ಇಲ್ಲದೆ ಗುರುವಿನ ಹಿಂದೆ ಹೋದವನಲ್ಲ.

ಯೇಸುವಿನ ಜೊತೆ ಇದ್ದ ವರ್ಷಗಳಲ್ಲಿ ಅವನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂರಾಡುವುದನ್ನು ನೋಡಿದರೆ ನಗು ಬರುತ್ತದೆ. ಹೆರ್ಮೋನ್ ಬೆಟ್ಟದ ಬುಡದಲ್ಲಿ, ಫಿಲಿಪ್ಪನ ಕೈಸರೈಯದ ಕಡೆ, 'ನೀನೇ ಕ್ರಿಸ್ತ' ಎಂದು ಎಲ್ಲರಿಗಿಂತ ಮೊದಲು ಹೇಳುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಯೇಸುವನ್ನೇ ಪಕ್ಕಕ್ಕೆ ಕರೆದು ಗದರಿಸಲು ಹೋಗಿ 'ಸೈತಾನನೇ, ನನ್ನ ಹಿಂದೆ ಹೋಗು' ಎಂದು ಬೈಸಿಕೊಳ್ಳುತ್ತಾನೆ. ಕಡೆಯ ರಾತ್ರಿಯ ಊಟದಲ್ಲಿ ಯೇಸು ಕಾಲು ತೊಳೆಯಲು ಬಂದರೆ ಬೇಡವೇ ಬೇಡ ಅನ್ನುತ್ತಾನೆ. ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂದ ಕೂಡಲೇ, ಹಾಗಾದರೆ ಕಾಲು ಮಾತ್ರ ಯಾಕೆ, ಕೈ, ತಲೆ ಎಲ್ಲ ತೊಳೆದುಬಿಡು ಅನ್ನುತ್ತಾನೆ.

ಅದೇ ರಾತ್ರಿ ತೋಟದಲ್ಲಿ ಬಂಧಿಸಲು ಜನ ಬಂದರು. ದೀವಟಿಗೆ, ಕತ್ತಿ, ದೊಣ್ಣೆ ಹಿಡಿದ ದೊಡ್ಡ ಗುಂಪು. ಪೇತ್ರ ಕತ್ತಿ ಎಳೆದು ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದ. ಇದನ್ನು ನಾವು ದುಡುಕು ಎಂದು ಪಕ್ಕಕ್ಕೆ ಸರಿಸಿಬಿಡುತ್ತೇವೆ. ಸ್ವಲ್ಪ ನಿಂತು ನೋಡಬೇಕು. ಆ ಗುಂಪಿನ ಎದುರು ಕತ್ತಿ ಎತ್ತಿದವನು ಅಲ್ಲೇ ಸಾಯಬಹುದಿತ್ತು. ಅದು ಅವನಿಗೆ ಗೊತ್ತಿಲ್ಲದೆ ಇರುತ್ತಾ? ಸಾಯಲು ಹೆದರುವ ಮನುಷ್ಯ ಅವನಲ್ಲ.

ಕೆಲವೇ ಗಂಟೆಗಳಾದ ಮೇಲೆ ಮಹಾಯಾಜಕನ ಅಂಗಳ. ಚಳಿ. ಆಳುಗಳು, ಕಾವಲಿನವರು ಇದ್ದಲಿನ ಬೆಂಕಿ ಮಾಡಿಕೊಂಡು ಸುತ್ತ ನಿಂತಿದ್ದಾರೆ. ಇವನೂ ಮೈ ಕಾಯಿಸಿಕೊಳ್ಳುತ್ತಾ ನಿಂತ. ಬಾಗಿಲು ಕಾಯುವ ಹುಡುಗಿ ಕೇಳಿದಳು: ನೀನೂ ಅವನ ಶಿಷ್ಯರಲ್ಲಿ ಒಬ್ಬನಲ್ವಾ? ಅವಳ ಕೈಯಲ್ಲಿ ಕತ್ತಿ ಇಲ್ಲ, ಅಧಿಕಾರ ಇಲ್ಲ. ಸುಮ್ನೆ ಒಂದು ಪ್ರಶ್ನೆ, ಅಷ್ಟೇ. ಇವನು ಅಲ್ಲ ಎಂದ. ಇನ್ನೊಬ್ಬರು ಕೇಳಿದರು, ಅಲ್ಲ ಎಂದ. ಕೊನೆಗೆ ಪಕ್ಕದಲ್ಲಿದ್ದವರು, ನಿನ್ನ ಮಾತಿನ ಧಾಟಿಯೇ ಹೇಳುತ್ತದೆ, ನೀನು ಗಲಿಲಾಯದವನು ಎಂದರು. ಆಗ ಶಾಪ ಹಾಕಿಕೊಂಡು ಆಣೆಯಿಟ್ಟ. ಕೋಳಿ ಕೂಗಿತು.

ಕತ್ತಿಗೆ ಹೆದರದವನನ್ನು ಬೀಳಿಸಿದ್ದು ಬೆಂಕಿಯ ಸುತ್ತ ನಿಂತಿದ್ದವರ ನೋಟ. ಗುಂಪಿನಲ್ಲಿ ನಾನೊಬ್ಬನೇ ಬೇರೆಯವನಾಗಿಬಿಟ್ಟರೆ ಅನ್ನುವ ಭಯ. ಪೇತ್ರನ ನಿಜವಾದ ಕಾಯಿಲೆ ಇದು ಅಂತ ನನಗನ್ನಿಸುತ್ತದೆ. ಇದು ಪಂಚಾಶತ್ತಮ ದಿನಕ್ಕೆ ವಾಸಿಯಾಗಲಿಲ್ಲ.

ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಯೇಸು ಮೂರು ಸಲ 'ನನ್ನನ್ನು ಪ್ರೀತಿಸುತ್ತೀಯಾ' ಎಂದು ಕೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಲ್ಲೂ ಇದ್ದಲಿನ ಬೆಂಕಿಯೇ. ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಆಮೇಲಿನ ಯೆರೂಸಲೇಮಿನ ಪೇತ್ರ ನಿಜಕ್ಕೂ ಬೇರೆ ಮನುಷ್ಯ. ಯೇಸುವಿಗೆ ಶಿಕ್ಷೆ ಬರೆದ ಹಿರೀಸಭೆಯ ಎದುರೇ ನಿಂತು ಮಾತಾಡುತ್ತಾನೆ. ಓದು ಬಾರದ ಸಾಮಾನ್ಯರು ಇಷ್ಟು ಧೈರ್ಯವಾಗಿ ಮಾತಾಡುತ್ತಾರಲ್ಲ ಎಂದು ಅವರಿಗೇ ಆಶ್ಚರ್ಯ. ಇದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಎದುರಿಗಿದ್ದವರು ವಿರೋಧಿಗಳು. ವಿರೋಧಿಗಳ ಎದುರು ಪೇತ್ರ ಯಾವತ್ತೂ ಗಟ್ಟಿಯೇ. ತನ್ನವರ ಎದುರು ನಿಲ್ಲುವ ಪರೀಕ್ಷೆ ಇನ್ನೂ ಬಾಕಿ ಇತ್ತು.

ಅದು ಶುರುವಾಗಿದ್ದು ಯೊಪ್ಪದಲ್ಲಿ. ಇವತ್ತಿನ ಟೆಲ್ ಅವೀವ್‌ಗೆ ಸೇರಿಹೋಗಿರುವ ಹಳೆಯ ಬಂದರು ಜಾಫಾ. ಅಲ್ಲಿ ಪೇತ್ರ ಇಳಿದುಕೊಂಡಿದ್ದು ಸಮುದ್ರದ ಪಕ್ಕದಲ್ಲಿದ್ದ, ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯ ಚರ್ಮ ಮುಟ್ಟುವ ಕಸುಬು. ಕೆಟ್ಟ ವಾಸನೆಯ ಕಸುಬು ಎಂದೇ ಯೆಹೂದ್ಯರಲ್ಲೂ ಹೆಸರು, ಊರಾಚೆಗೆ ಇಡುತ್ತಿದ್ದರು. ಆ ಮನೆಯಲ್ಲಿ ಪೇತ್ರ ಬಹಳ ದಿನ ಇದ್ದ. ಒಂದು ಮಧ್ಯಾಹ್ನ ಪ್ರಾರ್ಥನೆಗೆ ಮಾಳಿಗೆ ಹತ್ತಿದ. ಹೊಟ್ಟೆ ಹಸಿದಿತ್ತು, ಕೆಳಗೆ ಅಡುಗೆ ಆಗುತ್ತಿತ್ತು. ಆಗ ದರ್ಶನ: ಆಕಾಶದಿಂದ ದೊಡ್ಡ ಜೋಳಿಗೆಯಂಥ ಬಟ್ಟೆ ಇಳಿಯುತ್ತದೆ, ಒಳಗೆ ಎಲ್ಲ ಬಗೆಯ ಪ್ರಾಣಿ, ಹಾವು, ಹಕ್ಕಿ. ಕೊಯ್ದು ತಿನ್ನು ಅನ್ನುವ ಧ್ವನಿ. ಪೇತ್ರನ ಉತ್ತರ: ಬೇಡ ಸ್ವಾಮಿ, ನಾನು ಮೈಲಿಗೆಯಾದದ್ದನ್ನು ಯಾವತ್ತೂ ತಿಂದವನಲ್ಲ.

ಚರ್ಮದ ಕೆಲಸದವನ ಮಾಳಿಗೆಯ ಮೇಲೆ ನಿಂತು ಈ ಮಾತು! ಮನುಷ್ಯ ಒಂದು ಗೋಡೆ ದಾಟಿ ಬಂದು, ಮುಂದಿನ ಗೋಡೆಗೆ ಒರಗಿಕೊಂಡು, ನನ್ನ ಮಟ್ಟಿಗೆ ಇದೇ ಕೊನೆ ಎಂದುಕೊಳ್ಳುವುದು ಹೀಗೇ. ದರ್ಶನ ಮೂರು ಸಲ ಆಗಬೇಕಾಯಿತು. ಪೇತ್ರನಿಗೆ ಎಲ್ಲವನ್ನೂ ಮೂರು ಸಲ ಹೇಳಬೇಕು. ಇನ್ನೊಂದು ವಿಷಯ. ಇದೇ ಯೊಪ್ಪದ ಬಂದರಿನಲ್ಲಿ ಹಿಂದೆ ಪ್ರವಾದಿ ಯೋನ ಹಡಗು ಹತ್ತಿದ್ದ. ಯಾಕೆ? ಪರರ ಊರಾದ ನಿನೆವೆಗೆ ದೇವರ ಮಾತು ಒಯ್ಯಲು ಮನಸ್ಸಿಲ್ಲದೆ ತಪ್ಪಿಸಿಕೊಳ್ಳಲು. ಈಗ ಯೋನನ ಮಗ ಸೀಮೋನ ಅಲ್ಲಿದ್ದಾನೆ, ಬಾಗಿಲಲ್ಲಿ ಪರರು ಬಂದು ಕೂಗುತ್ತಿದ್ದಾರೆ. ರೋಮಿನ ಸೈನ್ಯದ ಶತಾಧಿಪತಿ ಕೊರ್ನೇಲ್ಯ ಕಳಿಸಿದ ಮೂವರು.

ಈ ಯೋನ ಓಡಿಹೋಗಲಿಲ್ಲ. ಆ ಮೂವರನ್ನು ಒಳಗೆ ಕರೆದು ರಾತ್ರಿ ಇರಿಸಿಕೊಂಡ. ಮಾರನೆಯ ದಿನ ಸುಮಾರು 50 ಕಿಲೋಮೀಟರ್ ದೂರದ ಕೈಸರೈಯಕ್ಕೆ ಹೊರಟ. ಜೊತೆಗೆ ಆರು ಜನರನ್ನು ಕರೆದುಕೊಂಡ, ಬಹುಶಃ ಸಾಕ್ಷಿಗೆ ಇರಲಿ ಎಂದು. ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟ, ಅಲ್ಲಿ ಕೆಲವು ದಿನ ಉಳಿದ. ಯೆರೂಸಲೇಮಿಗೆ ವಾಪಸ್ ಬಂದಾಗ ಅವನವರೇ ಕೇಳಿದ ಮೊದಲ ಪ್ರಶ್ನೆ ಪವಿತ್ರಾತ್ಮದ ಬಗ್ಗೆ ಅಲ್ಲ, ದೀಕ್ಷಾಸ್ನಾನದ ಬಗ್ಗೆಯೂ ಅಲ್ಲ. ಸುನ್ನತಿಯಿಲ್ಲದವರ, ಅಂದರೆ ಯೆಹೂದ್ಯರಲ್ಲದವರ, ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದೆಯಂತೆ? ಪೇತ್ರ ಮೊದಲಿನಿಂದ ಎಲ್ಲವನ್ನೂ ವಿವರಿಸಿದ. ಅವರು ಸುಮ್ಮನಾದರು. ಊಟದ ಪ್ರಶ್ನೆ ಅಲ್ಲಿಗೆ ಮುಗಿಯಿತು ಅನ್ನಿಸಬೇಕು.

ನಡುವೆ ಒಂದು ಸೆರೆಮನೆ ಬರುತ್ತದೆ. ರಾಜ ಹೇರೋದ ಅಗ್ರಿಪ್ಪ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ, ಹಳೆಯ ಪಾಲುದಾರ ಯಾಕೋಬನನ್ನೇ. ಆಮೇಲೆ ಪೇತ್ರನನ್ನು ಹಿಡಿದ. ಅಗ್ರಿಪ್ಪ ಸತ್ತದ್ದು ಕ್ರಿ.ಶ. 44ರಲ್ಲಿ, ಹಾಗಾಗಿ ಇದು ಅದಕ್ಕೂ ಸ್ವಲ್ಪ ಮುಂಚೆ. ಮಾರನೆಯ ದಿನ ವಿಚಾರಣೆ. ಇವನು ಇಬ್ಬರು ಸಿಪಾಯಿಗಳ ನಡುವೆ, ಎರಡು ಸರಪಳಿಯಲ್ಲಿ, ನಿದ್ದೆ ಹೊಡೆಯುತ್ತಿದ್ದ. ದೇವದೂತ ಪಕ್ಕೆ ತಟ್ಟಿ ಎಬ್ಬಿಸಬೇಕಾಯಿತು. ಸಾವಿಗೆ ಹೆದರದವನು ಅಂದೆನಲ್ಲ, ಇಲ್ಲಿ ನೋಡಿ. ಬಿಡುಗಡೆಯಾಗಿ ಅವನು ಹೋದದ್ದು ಮಾರ್ಕನ ತಾಯಿ ಮರಿಯಳ ಮನೆಗೆ. ಒಳಗೆ ಎಲ್ಲರೂ ಇವನಿಗಾಗಿಯೇ ಪ್ರಾರ್ಥನೆ ಮಾಡುತ್ತಿದ್ದಾರೆ. ಬಾಗಿಲು ತಟ್ಟಿದ. ರೋದೆ ಅನ್ನುವ ಕೆಲಸದ ಹುಡುಗಿ ಧ್ವನಿ ಗುರುತಿಸಿದಳು. ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದಳು. ನಿನಗೆ ಹುಚ್ಚು ಎಂದರು ಒಳಗಿದ್ದವರು. ಪೇತ್ರ ಹೊರಗೆ ತಟ್ಟುತ್ತಲೇ ಇದ್ದ.

ಅಂಗಳದ ಬಾಗಿಲು ಕಾಯುತ್ತಿದ್ದವಳೂ ಒಬ್ಬ ಹುಡುಗಿ, ಇವಳೂ ಅಷ್ಟೇ. ಅವತ್ತು ಅವನು ಯಾರು ಗುರುತಿಸಿಬಿಡುತ್ತಾರೋ ಎಂದು ಹೆದರಿದ್ದ. ಇವತ್ತು ಬೇಗ ಗುರುತಿಸಿ ಬಾಗಿಲು ತೆಗೆಯಿರಪ್ಪಾ ಎಂದು ನಿಂತಿದ್ದಾನೆ. ಇದನ್ನು ಬರೆದ ಲೂಕನಿಗೆ ಈ ಹೋಲಿಕೆ ಹೊಳೆದಿತ್ತೋ ಇಲ್ಲವೋ, ಓದುವಾಗಲೆಲ್ಲ ನನಗಂತೂ ಹೊಳೆಯುತ್ತದೆ.

ಈಗ ಅಂತಿಯೋಕ್ಯ, ಆ ನಾಲ್ಕು ವಚನಗಳ ಊರು. ಇವತ್ತಿನ ಟರ್ಕಿಯ ಅಂತಾಕ್ಯ, 2023ರ ಫೆಬ್ರವರಿಯ ಭೂಕಂಪದಲ್ಲಿ ನೆಲಸಮವಾದ ಊರುಗಳಲ್ಲಿ ಒಂದು. ಆಗ ಅದು ರೋಮ್, ಅಲೆಕ್ಸಾಂಡ್ರಿಯ ಬಿಟ್ಟರೆ ಸಾಮ್ರಾಜ್ಯದ ದೊಡ್ಡ ನಗರ. ಶಿಷ್ಯರಿಗೆ ಕ್ರೈಸ್ತರು ಅನ್ನುವ ಹೆಸರು ಮೊದಲು ಬಿದ್ದದ್ದು ಅಲ್ಲಿ. ಸಭೆಯಲ್ಲಿ ಯೆಹೂದ್ಯರೂ ಇದ್ದರು, ಅನ್ಯಜನರೂ ಇದ್ದರು, ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಪೇತ್ರ ಬಂದ. ಅವನೂ ಅವರ ಜೊತೆ ಕೂತು ಉಂಡ. ಆಮೇಲೆ ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ, ಕೆಲವರು ಬಂದರು. (ಈ ಯಾಕೋಬ ಸತ್ತವನಲ್ಲ, ಯೇಸುವಿನ ತಮ್ಮ. ಯೆರೂಸಲೇಮ್ ಸಭೆಯ ಹಿರಿಯ.) ಅವರು ಬಂದದ್ದೇ ತಡ, ಪೇತ್ರ ಮೆಲ್ಲಗೆ ಹಿಂದೆ ಸರಿದ. ಬೇರೆ ಕೂತ. ಸುನ್ನತಿಯವರಿಗೆ ಹೆದರಿ ಹೀಗೆ ಮಾಡಿದ ಎಂದು ಪೌಲ ನೇರವಾಗಿ ಬರೆಯುತ್ತಾನೆ. ಉಳಿದ ಯೆಹೂದ್ಯರೂ ಇವನನ್ನು ನೋಡಿ ಎದ್ದರು. ಪೌಲನ ಜೊತೆಗಾರ ಬಾರ್ನಬನೂ ಎದ್ದ.

ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರು ಬಂದಾಗ ಯಾರು ಎದ್ದು ಹೋಗುತ್ತಾರೆ ಅನ್ನುವುದರ ಅರ್ಥವನ್ನು ನಮ್ಮ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಿನ್ನೆಯವರೆಗೂ ಪಕ್ಕದಲ್ಲಿ ಕೂತು ರೊಟ್ಟಿ ಮುರಿದವನು ಇವತ್ತು ಕಣ್ಣು ತಪ್ಪಿಸಿ ಆ ಕಡೆ ಹೋದರೆ ಏನನ್ನಿಸುತ್ತದೆ ಅನ್ನುವುದು ಗೊತ್ತಿರುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಚರ್ಚಿನ ಒಳಗೂ ಇದ್ದಾರೆ.

ಆದರೆ ಬಂದವರನ್ನು ಖಳನಾಯಕರನ್ನಾಗಿ ಮಾಡುವುದೂ ಸರಿಯಲ್ಲ. ಅವರ ಪಾಲಿಗೆ ಊಟದ ನಿಯಮ ಬರೀ ಮಡಿಯ ಗೀಳಾಗಿರಲಿಲ್ಲ. ಸುಮಾರು ಎರಡು ನೂರು ವರ್ಷ ಹಿಂದೆ ರಾಜ ನಾಲ್ಕನೇ ಅಂತಿಯೋಕ ಯೆಹೂದ್ಯರ ಧರ್ಮವನ್ನೇ ಅಳಿಸಲು ಹೊರಟಿದ್ದ. ಹಂದಿಮಾಂಸ ತಿನ್ನಲು ಒಪ್ಪದ 90 ವರ್ಷದ ಎಲಿಯಾಜರ, ಒಬ್ಬ ತಾಯಿ, ಅವಳ ಏಳು ಗಂಡುಮಕ್ಕಳು ಹೇಗೆ ಸತ್ತರು ಅನ್ನುವ ಕಥೆ ಕಥೋಲಿಕರ ಬೈಬಲಿನಲ್ಲಿರುವ ಮಕ್ಕಬಿಯರ ಎರಡನೇ ಪುಸ್ತಕದಲ್ಲಿದೆ. ಆ ರಾಜನ ರಾಜಧಾನಿ ಯಾವುದು ಗೊತ್ತೇ? ಇದೇ ಅಂತಿಯೋಕ್ಯ. ಅಜ್ಜಂದಿರು ಪ್ರಾಣ ಕೊಟ್ಟು ಉಳಿಸಿಕೊಂಡ ನಿಯಮವನ್ನು ಅದೇ ಊರಿನಲ್ಲಿ ಕೂತು ಮುರಿಯುವುದು ಎಂದರೆ, ಯೆರೂಸಲೇಮಿನಿಂದ ಬಂದವನ ಕಣ್ಣಿಗೆ ಅದು ಹೇಗೆ ಕಂಡಿರಬೇಡ? ಪೇತ್ರನೂ ಅದೇ ಕಥೆಗಳನ್ನು ಕೇಳಿಕೊಂಡು ಬೆಳೆದವನು. ಹೋಗಲಿ ಬಿಡು, ಇವರ ಮನಸ್ಸು ಯಾಕೆ ನೋಯಿಸಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡಿರಬೇಕು. ಹೆದರಿಕೆ ಒಳ್ಳೆಯ ಕಾರಣ ತೊಟ್ಟುಕೊಂಡೇ ಬರುತ್ತದೆ.

ಪೌಲ ಬಿಡಲಿಲ್ಲ. ಎಲ್ಲರ ಮುಂದೆ, ಮುಖಕ್ಕೆ ಮುಖ ಕೊಟ್ಟು ಕೇಳಿದ. ನೀನೇ ಯೆಹೂದ್ಯನಾಗಿದ್ದು ಅನ್ಯರಂತೆ ಬದುಕುತ್ತೀಯ, ಅನ್ಯರು ಯೆಹೂದ್ಯರಂತೆ ಬದುಕಬೇಕು ಎಂದು ಹೇಗೆ ಒತ್ತಾಯ ಮಾಡುತ್ತೀಯ? ಯೇಸುವಿನ ಜೊತೆ ಒಂದು ದಿನವೂ ಓಡಾಡದವನು, ಹಿಂದೆ ಸಭೆಯವರನ್ನು ಹಿಡಿದು ಸೆರೆಮನೆಗೆ ಹಾಕಿಸುತ್ತಿದ್ದವನು, ಹನ್ನೆರಡು ಜನರಲ್ಲಿ ಮೊದಲನೆಯವನಿಗೆ ಹೀಗೆ ಹೇಳಿದ. ಶಿಲುಬೆಯ ದಿನದಿಂದ ಅಷ್ಟರಲ್ಲಿ ಹದಿನೈದು ವರ್ಷವಾದರೂ ಕಳೆದಿತ್ತು.

ಹಳೆಯ ಕಾಲದ ಕ್ರೈಸ್ತ ಪಂಡಿತರಿಗೆ ಈ ಘಟನೆ ದೊಡ್ಡ ಮುಜುಗರ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಪೌಲ ಬೈದದ್ದು ನಮ್ಮ ಪೇತ್ರನನ್ನಲ್ಲ, ಕೇಫ (ಪೌಲ ಆ ಪತ್ರದಲ್ಲಿ ಪೇತ್ರನನ್ನು ಕರೆಯುವ ಹೆಸರು) ಅನ್ನುವ ಹೆಸರಿನ ಬೇರೆ ಯಾರೋ ಶಿಷ್ಯನನ್ನು ಎಂದುಬಿಟ್ಟ. ಬೇತ್ಲೆಹೇಮಿನಲ್ಲಿ ಕೂತು ಬೈಬಲ್ ಅನುವಾದಿಸುತ್ತಿದ್ದ ಜೆರೋಮ್, ಇಬ್ಬರೂ ಸೇರಿ ಜನರಿಗೆ ಪಾಠವಾಗಲಿ ಎಂದು ಆಡಿದ ನಾಟಕ ಅದು ಎಂದ. ಉತ್ತರ ಆಫ್ರಿಕದ ಹಿಪ್ಪೊದಲ್ಲಿದ್ದ ಅಗಸ್ಟೀನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಪೌಲ ಇಲ್ಲಿ ಸುಳ್ಳು ಬರೆದಿದ್ದರೆ ಬೇರೆ ಕಡೆ ನಿಜ ಬರೆದಿದ್ದಾನೆ ಎಂದು ನಂಬುವುದು ಹೇಗೆ ಅನ್ನುವುದು ಅವನ ವಾದ. ಇಬ್ಬರ ನಡುವೆ ವರ್ಷಗಟ್ಟಲೆ ಪತ್ರ ಓಡಾಡಿದವು. ಅದರಲ್ಲಿ ಒಂದು ಪತ್ರ ಜೆರೋಮ್ ಕೈಗೆ ಸೇರುವ ಮುಂಚೆಯೇ ರೋಮಿನಲ್ಲಿ ಕಂಡವರೆಲ್ಲ ಓದಿಬಿಟ್ಟಿದ್ದರು. ಜೆರೋಮ್‌ಗೆ ಮೈಯೆಲ್ಲ ಉರಿ. ನಾನು ಅಗಸ್ಟೀನ್ ಕಡೆ. ಪೇತ್ರ ತಪ್ಪಿದ ಅನ್ನುವುದನ್ನು ಒಪ್ಪಿಕೊಂಡರೆ ಪೇತ್ರ ಚಿಕ್ಕವನಾಗುವುದಿಲ್ಲ.

ಪೇತ್ರ ಏನು ಉತ್ತರ ಕೊಟ್ಟ ಎಂದು ಪೌಲ ಬರೆಯುವುದಿಲ್ಲ. ತನ್ನ ಮಾತನ್ನು ಬರೆದು ಮುಂದಕ್ಕೆ ಹೋಗಿಬಿಡುತ್ತಾನೆ. ಯೆರೂಸಲೇಮಿನ ಹಿರಿಯರ ಕೂಟ, ಸುಮಾರು ಕ್ರಿ.ಶ. 49ರದ್ದು, ಈ ಜಗಳಕ್ಕಿಂತ ಮುಂಚೆಯೋ ನಂತರವೋ ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಂತರದ್ದು ಎಂದಾದರೆ ಅಲ್ಲಿ ಪೇತ್ರ ಎದ್ದು ನಿಂತು ಆಡಿದ ಮಾತಿಗೆ ಬೇರೆಯೇ ತೂಕ ಬರುತ್ತದೆ. ನಮ್ಮ ಹಿರಿಯರಿಂದಲೂ ನಮ್ಮಿಂದಲೂ ಹೊರಲಾಗದ ನೊಗವನ್ನು ಈ ಅನ್ಯಜನರ ಹೆಗಲಿಗೆ ಯಾಕೆ ಹಾಕುತ್ತೀರಿ ಎಂದು ಕೇಳಿದ. ಯಾಕೋಬನೂ ಅವನ ಕಡೆಯವರೂ ಅಲ್ಲೇ ಕೂತಿದ್ದರು.

ಪೇತ್ರನ ಹೆಸರಿನ ಎರಡನೇ ಪತ್ರದಲ್ಲಿ ಪೌಲನನ್ನು ಪ್ರಿಯ ಸಹೋದರ ಎಂದು ಕರೆದು, ಅವನ ಪತ್ರಗಳಲ್ಲಿ ಕೆಲವು ಮಾತು ಅರ್ಥವಾಗುವುದು ಕಷ್ಟ ಎಂದಿದೆ. ಆ ಪತ್ರ ಬರೆದದ್ದು ಪೇತ್ರನೇ ಹೌದೋ ಅನ್ನುವ ಅನುಮಾನ ಬಹಳ ಹಳೆಯದು, ಹಾಗಾಗಿ ಇದರ ಮೇಲೆ ಜಾಸ್ತಿ ಕಟ್ಟಲು ಹೋಗುವುದಿಲ್ಲ. ಆದರೂ ಓದಿದಾಗ ನಗದೆ ಇರಲಾಗುವುದಿಲ್ಲ. ಸಭೆ ಇಬ್ಬರಿಗೂ ಒಂದೇ ಹಬ್ಬ ಕೊಟ್ಟಿದೆ, ಜೂನ್ 29. ನಮ್ಮ ಕಡೆಯ ಕಥೋಲಿಕ ಮನೆಗಳಲ್ಲಿ ರಾಯಪ್ಪ, ಚಿನ್ನಪ್ಪ ಎಂದು ಹೆಸರಿಡುತ್ತಾರಲ್ಲ, ಅವರು ಈ ಪೇತ್ರ, ಪೌಲರೇ. ಅಂತಿಯೋಕ್ಯದ ಊಟದ ಮನೆಯಲ್ಲಿ ಎದುರುಬದುರು ನಿಂತವರು ಇಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರ ಹೆಸರಾಗಿದ್ದಾರೆ.

ಕೊನೆಯ ದಿನಗಳು ರೋಮಿನಲ್ಲಿ. 64ರಲ್ಲಿ ನಗರಕ್ಕೆ ಬೆಂಕಿ ಬಿತ್ತು, ನೀರೋ ಚಕ್ರವರ್ತಿ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿದ. ಆ ಹಿಂಸೆಯಲ್ಲಿ ಪೇತ್ರ ಸತ್ತ ಎಂದು ಪರಂಪರೆ ಹೇಳುತ್ತದೆ. ತಲೆಕೆಳಗಾಗಿ ಶಿಲುಬೆಗೆ ಹಾಕಿದರು ಅನ್ನುವ ಮಾತೂ ಹಳೆಯದೇ. ಅದಕ್ಕಿಂತ ನನ್ನನ್ನು ಹಿಡಿಯುವುದು ಎರಡನೇ ಶತಮಾನದ ಒಂದು ದಂತಕಥೆ. ಹಿಂಸೆ ತಪ್ಪಿಸಿಕೊಳ್ಳಲು ಪೇತ್ರ ರೋಮಿನಿಂದ ಹೊರಗೆ ಹೋಗುತ್ತಿರುತ್ತಾನೆ. ಎದುರಿಗೆ ಯೇಸು ಬರುತ್ತಾನೆ. ಎಲ್ಲಿಗೆ ಸ್ವಾಮಿ? ರೋಮಿಗೆ, ಮತ್ತೆ ಶಿಲುಬೆಗೆ ಏರಲು. ಪೇತ್ರ ತಿರುಗಿ ಊರೊಳಗೆ ಹೋಗುತ್ತಾನೆ. ಇದು ನಡೆಯಿತೋ ಇಲ್ಲವೋ, ಕಥೆ ಕಟ್ಟಿದವರಿಗೆ ಪೇತ್ರ ಚೆನ್ನಾಗಿ ಗೊತ್ತಿದ್ದ. ನಡೆದುಹೋಗುತ್ತಿದ್ದವನನ್ನು ಹೊರಡಿಸಿದ್ದು ಅಲ್ಲಿಯೂ ತನ್ನವರ ಮಾತೇ. ಹೋಗು ಹೋಗು ಎಂದು ಸಹೋದರರೇ ಒತ್ತಾಯ ಮಾಡಿದ್ದರು.

ಹಾಗಾದರೆ ಅವನು ಬೆಳೆದದ್ದು ಎಲ್ಲಿ? ನನಗೆ ಉತ್ತರ ಕಾಣುವುದು ಮಾರ್ಕನ ಸುವಾರ್ತೆಯಲ್ಲಿ. ರೋದೆ ಬಾಗಿಲು ತೆಗೆಯದೆ ಓಡಿದ ಮನೆಯ ಮಗ ಮಾರ್ಕ. ಅವನೂ ಒಮ್ಮೆ ಕೈಕೊಟ್ಟವನೇ. ಪೌಲ, ಬಾರ್ನಬರ ಜೊತೆ ಹೊರಟವನು ಪೆರ್ಗೆಯಲ್ಲಿ ಅವರನ್ನು ಬಿಟ್ಟು ಮನೆಗೆ ಬಂದುಬಿಟ್ಟಿದ್ದ. ಮುಂದಿನ ಸಲ ಇವನು ಬೇಡ ಎಂದು ಪೌಲ ಹಟ ಹಿಡಿದ, ಅದೇ ಕಾರಣಕ್ಕೆ ಬಾರ್ನಬನೂ ಪೌಲನೂ ಬೇರೆಯಾದರು. ಅಂಥವನನ್ನು ಪೇತ್ರನ ಮೊದಲ ಪತ್ರ 'ನನ್ನ ಮಗ' ಅನ್ನುತ್ತದೆ. ಪೇತ್ರ ಹೇಳುತ್ತಿದ್ದದ್ದನ್ನು ನೆನಪಿಟ್ಟುಕೊಂಡು ಮಾರ್ಕ ಸುವಾರ್ತೆ ಬರೆದ ಎಂದು ಎರಡನೇ ಶತಮಾನದ ಪಪಿಯಾಸ್ ದಾಖಲಿಸಿದ್ದಾನೆ.

ಅದು ಹೌದಾದರೆ, ಪೇತ್ರ ತನ್ನ ಬಗ್ಗೆ ಏನು ಹೇಳಿಕೊಂಡ, ಏನು ಬಿಟ್ಟ ಅನ್ನುವುದನ್ನು ನಾವೇ ನೋಡಬಹುದು. ನೀರಿನ ಮೇಲೆ ನಾಲ್ಕು ಹೆಜ್ಜೆ ನಡೆದದ್ದು ಮತ್ತಾಯನಲ್ಲಿದೆ, ಮಾರ್ಕನಲ್ಲಿ ಇಲ್ಲ. 'ನೀನು ಧನ್ಯನು, ಈ ಬಂಡೆಯ ಮೇಲೆ ನನ್ನ ಸಭೆ ಕಟ್ಟುವೆನು' ಎಂದು ಯೇಸು ಹೊಗಳಿದ್ದೂ ಇಲ್ಲ. ಸೈತಾನನೇ ಎಂದು ಬೈದದ್ದು ಇದೆ. ತೋಟದಲ್ಲಿ ನಿದ್ದೆ ಮಾಡಿದ್ದು ಇದೆ. ಅಂಗಳದ ಬೆಂಕಿ, ಕೆಲಸದ ಹುಡುಗಿ, ಶಾಪ, ಆಣೆ ಎಲ್ಲ ಇದೆ. ಕೋಳಿ ಎಷ್ಟು ಸಲ ಕೂಗಿತು ಅನ್ನುವ ಲೆಕ್ಕವೂ ಇದೆ. ಎರಡು ಸಲ. ಸುವಾರ್ತೆ ಬರೆದ ಉಳಿದ ಮೂವರು ಅದನ್ನು ಎಣಿಸಲು ಹೋಗಿಲ್ಲ.